ಎಂಡೋಸಲ್ಫಾನ್ ಊರಿನ ಹೆಣ್ಣೆಂದು ಸಂಬಂಧ ನಿಂತಿದೆ. ವಿಷ ವಂಶಕ್ಕೆ ಇಳಿಯುತ್ತಾ?

ಬಾವಿಕಟ್ಟೆ • ಶನಿವಾರ ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾನು ಓದಿ ಹೋಗುವವನು, ಬರೆಯುವವನಲ್ಲ. ಇವತ್ತು ತಡೆಯಲಾಗಲಿಲ್ಲ.

ನಮ್ಮದು ಬೆಳ್ತಂಗಡಿ ತಾಲೂಕು, ಕೊಕ್ಕಡದ ಹತ್ತಿರ. ಮನೆಯ ಹಿಂದೆಯೇ ಗೇರು ಗುಡ್ಡೆ. ಅದಕ್ಕೆ ಹಿಂದೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಬಿಡುತ್ತಿದ್ದರು. ತಂಗಿಗೆ ಒಂದು ಸಂಬಂಧ ಬಂದಿತ್ತು, ಘಟ್ಟದ ಮೇಲಿನವರು. ಜಾತಕ ಕೂಡಿತ್ತು. ಎರಡು ಸಲ ಬಂದು ಊಟ ಮಾಡಿಕೊಂಡು ಹೋಗಿದ್ದರು. ಮೊನ್ನೆ ಮಾತು ತಂದವರು ಫೋನ್ ಮಾಡಿ, "ನಿಮ್ಮದು ಎಂಡೋಸಲ್ಫಾನ್ ಊರಂತೆ ಅಲ್ವಾ? ಅವರ ಮನೆಯಲ್ಲಿ ಸ್ವಲ್ಪ ಯೋಚನೆ ಮಾಡ್ತಿದ್ದಾರೆ" ಎಂದರು. ಮರುದಿನ ಹುಡುಗನ ತಾಯಿಯೇ ಅಮ್ಮನಿಗೆ ಫೋನ್ ಮಾಡಿ, ಜೀನ್ ಟೆಸ್ಟ್ ಮಾಡಿಸಿ ಸರ್ಟಿಫಿಕೇಟ್ ಕೊಡಬಹುದಾ ಎಂದು ಕೇಳಿದರಂತೆ. ಅಮ್ಮ ಫೋನ್ ಇಟ್ಟವರು ದೋಸೆ ಕಾವಲಿ ಒಲೆಯ ಮೇಲಿರುವುದನ್ನೂ ಮರೆತಿದ್ದರು.

ತಂಗಿ ಹುಟ್ಟಿದ್ದು 1998ರ ಆಗಸ್ಟ್‌ನಲ್ಲಿ. ನಮ್ಮಲ್ಲಿ ಮದ್ದು ಬಿಡುವುದು ನಿಂತದ್ದು 2000ದ ಹೊತ್ತಿಗೆ. ಅಂದರೆ ಅವಳು ಹೊಟ್ಟೆಯಲ್ಲಿದ್ದಾಗಲೂ ಹೆಲಿಕಾಪ್ಟರ್ ಬಂದಿದೆ, ತೊಟ್ಟಿಲಲ್ಲಿದ್ದಾಗಲೂ ಬಂದಿದೆ. ಅವಳಿಗೆ ಏನೂ ತೊಂದರೆ ಇಲ್ಲ. ಎಂಕಾಂ ಮುಗಿಸಿ ಬ್ಯಾಂಕಿನಲ್ಲಿದ್ದಾಳೆ. ಆದರೆ ಮೂರು ಮನೆ ಆಚೆ ಒಬ್ಬ ಹುಡುಗ ಇದ್ದಾನೆ, ಅವಳಿಗಿಂತ ಒಂದು ವರ್ಷ ದೊಡ್ಡವನು. ಇವತ್ತಿಗೂ ಅವನ ತಾಯಿಯೇ ತುತ್ತು ಮಾಡಿ ಉಣ್ಣಿಸಬೇಕು. ಹಾಗಾಗಿ ಸುಮ್ನೆ ಹೇಳುತ್ತಾರೆ ಎಂದು ಬಿಡಲೂ ಆಗುವುದಿಲ್ಲ.

ಒಂದು ದಿನದ್ದು ನನಗೆ ಚೆನ್ನಾಗಿ ನೆನಪಿದೆ. ಜೀಪಿಗೆ ಮೈಕ್ ಕಟ್ಟಿ "ಬಾವಿ ಮುಚ್ಚಿಕೊಳ್ಳಿ" ಎಂದು ಹೇಳಿಕೊಂಡು ಹೋದರು. ಅಜ್ಜಿ ಬಾವಿಗೆ ಅಡಿಕೆ ಸಲಾಕೆ ಅಡ್ಡ ಹಾಕಿ, ಅದರ ಮೇಲೆ ಹೆಣೆದ ಮಡಲು ಹಾಸಿ, ಎಲ್ಲದರ ಮೇಲೆ ಟರ್ಪಾಲು ಎಳೆದರು. ರಾಟೆಯ ಹತ್ತಿರ ಸಂದು ಉಳಿದಿತ್ತು. ಅಲ್ಲಿಗೆ ಹಳೆ ಸೀರೆ ತುರುಕಿದರು. ಮರುದಿನ ಬೆಳಿಗ್ಗೆ ಟರ್ಪಾಲು ತೆಗೆಯುವಾಗ ಅದರ ಮಡಿಕೆಯಲ್ಲಿ ನಿಂತಿದ್ದ ಇಬ್ಬನಿ ನೀರೆಲ್ಲ ಜಾರಿ ಸೀದಾ ಬಾವಿಗೇ ಬಿತ್ತು. ಅಜ್ಜಿ "ಅಯ್ಯೋ ದೇವರೇ" ಎಂದರು. ಮತ್ತೆ ಕೊಡಪಾನ ಇಳಿಸಿದರು. ಬೇರೆ ನೀರು ಎಲ್ಲಿತ್ತು?

ನನ್ನ ಪ್ರಶ್ನೆ ಎರಡೇ. ಇದು ಜೀನಿಗೆ ಹೋಗುವ ವಿಷವಾ? ಹುಡುಗನ ತಾಯಿ ಕೇಳಿದಂಥ ಟೆಸ್ಟ್ ಇದೆಯಾ?

ಪೆರ್ಲದ ಹುಡುಗ • ಶನಿವಾರ ರಾತ್ರಿ 11:20

ಮಾರಾಯ್ರೇ, ಇದು ನಿಮ್ಮ ಮನೆ ಕಥೆ ಮಾತ್ರ ಅಲ್ಲ. ನಾನು ಕಾಸರಗೋಡಿನವ. ಎಣ್ಮಕಜೆ ಪಂಚಾಯತು ಎಂದು ಹೇಳಿದರೆ ಸಾಕು, ಸಂಬಂಧ ಕೇಳಿ ಬಂದವರು ಕಾಫಿ ಲೋಟ ಅರ್ಧಕ್ಕೆ ಇಟ್ಟು ಏಳುವ ಕಾಲವೊಂದಿತ್ತು. ನಮ್ಮ ಪಕ್ಕದ ಊರಿನ ಹೆಸರು ಸ್ವರ್ಗ. ಹೆಚ್ಚು ಹೇಳುವುದಿಲ್ಲ.

ನಮ್ಮಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ, ವರ್ಷಕ್ಕೆ ಎರಡು ಮೂರು ಸಲ ಮದ್ದು ಬಿಟ್ಟಿದ್ದಾರೆ. ಮೊದಲು ಗೊತ್ತಾದದ್ದು ಮನುಷ್ಯರಲ್ಲಿ ಅಲ್ಲ, ಹಟ್ಟಿಯಲ್ಲಿ. ಕಾಲು ತಿರುಚಿದ ಕರುಗಳು ಹುಟ್ಟಿದ ಬಗ್ಗೆ ಪತ್ರಕರ್ತ ಶ್ರೀಪಡ್ರೆಯವರು 1979ರಲ್ಲೇ ಬರೆದಿದ್ದರು. ಆಮೇಲೆ ಊರಿನ ಡಾಕ್ಟರ್ ಮೋಹನ್ ಕುಮಾರ್ ಅವರು, ಒಂದೇ ತೋಡಿನ ಆಚೀಚೆ ಇರುವ ಮನೆಗಳಲ್ಲಿ ಇಷ್ಟೊಂದು ಕಾಯಿಲೆ ಯಾಕೆ ಎಂದು ಕೇಳಲು ಶುರು ಮಾಡಿದರು.

2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ನಮ್ಮ ಪಂಚಾಯತಿನ ಪಡ್ರೆ ಗ್ರಾಮಕ್ಕೆ ಬಂದು ಶಾಲೆ ಹುಡುಗರನ್ನು ಪರೀಕ್ಷೆ ಮಾಡಿದರು. ನನ್ನ ದೊಡ್ಡಪ್ಪನ ಮಗನೂ ಅದರಲ್ಲಿದ್ದ. ಸೂಜಿ ಚುಚ್ಚುತ್ತಾರೆ ಎಂದು ಹೆದರಿ ಎರಡು ದಿನ ಶಾಲೆಗೆ ಚಕ್ಕರ್ ಹಾಕಿದವನನ್ನು ಮೇಷ್ಟ್ರೇ ಮನೆಗೆ ಬಂದು ಎಳೆದುಕೊಂಡು ಹೋದರು. ಈಗ ಅವನಿಗೆ ಇಬ್ಬರು ಮಕ್ಕಳು. ಇಬ್ಬರೂ ಆರಾಮಾಗಿದ್ದಾರೆ. ಇದನ್ನು ನಿಮ್ಮ ಅಮ್ಮನಿಗೆ ಹೇಳಿ.

ಪಿಪೆಟ್ ಅಕ್ಕ • ಭಾನುವಾರ ಬೆಳಿಗ್ಗೆ 7:05

ಹಾರ್ಮೋನ್ ಕೆಲಸ ನನ್ನ ಹೊಟ್ಟೆಪಾಡು, ಲ್ಯಾಬಿನಲ್ಲಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬಾವಿಕಟ್ಟೆಯವರೇ. ಮೊದಲು ನಿಮ್ಮ ಎರಡನೇ ಪ್ರಶ್ನೆ. ಅಂಥ ಟೆಸ್ಟ್ ಇಲ್ಲ. ಎಂಡೋಸಲ್ಫಾನ್ ತಾಗಿತ್ತು, ಅದರಿಂದ ಜೀನ್ ಹೀಗಾಯಿತು ಅಥವಾ ಆಗಲಿಲ್ಲ ಎಂದು ಬರೆದುಕೊಡುವ ಪರೀಕ್ಷೆ ಪ್ರಪಂಚದಲ್ಲೇ ಇಲ್ಲ. ಯಾರಾದರೂ ಮಾಡಿಕೊಡುತ್ತೇನೆ ಎಂದು ದುಡ್ಡು ಕೇಳಿದರೆ ಕೊಡಬೇಡಿ.

ಈಗ ಮೊದಲನೆಯದು. ನಮ್ಮ ಜನ "ಜೀನಿಗೆ ಹೋಗಿದೆ" ಎಂದು ಒಂದೇ ಮಾತಿನಲ್ಲಿ ಹೇಳುತ್ತಾರೆ. ಅದರಲ್ಲಿ ಮೂರು ಬೇರೆ ಬೇರೆ ಸಂಗತಿ ಸೇರಿಕೊಂಡಿವೆ.

ಜೀನಿನ ಅಕ್ಷರವೇ ಬದಲಾಗುವುದು ಒಂದು. ವಿಕಿರಣ, ಬೀಡಿ ಹೊಗೆ ಮಾಡುವುದು ಇದನ್ನೇ. ಎಂಡೋಸಲ್ಫಾನಿನ ಮೇಲಿರುವ ದೊಡ್ಡ ದೂರು ಇದಲ್ಲ.

ಎರಡನೆಯದು, ಹಾರ್ಮೋನಿನ ಆಟ ಕೆಡುವುದು. ಹೊಟ್ಟೆಯಲ್ಲಿರುವ ಮಗುವಿನ ಅಂಗಗಳು ಒಂದೊಂದು ವಾರ ಒಂದೊಂದು ಮಾತು ಕೇಳಿ ಬೆಳೆಯುತ್ತವೆ. ಆ ಮಾತು ಹೇಳುವುದು ಹಾರ್ಮೋನು. ಗಂಡು ಮಗುವಿಗೆ ಸುಮಾರು 8ರಿಂದ 14ನೇ ವಾರದ ಒಳಗೆ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನ್ ಸಿಗಬೇಕಾದಷ್ಟು ಸಿಗಬೇಕು. ಆಗ ತಪ್ಪಿದ್ದನ್ನು ಆಮೇಲೆ ಎಷ್ಟು ಕೊಟ್ಟರೂ ತುಂಬಿಸಲಾಗುವುದಿಲ್ಲ. ಭತ್ತದ ಅಗೆ ನೆಡುವ ಹೊತ್ತಿಗೆ ಮಳೆ ಬಾರದೆ, ಕೊಯ್ಲಿನ ಹೊತ್ತಿಗೆ ಧೋ ಎಂದು ಸುರಿದ ಹಾಗೆ.

ಮೂರನೆಯದೇ ಎಲ್ಲರನ್ನೂ ಹೆದರಿಸುವ ಎಪಿಜೆನೆಟಿಕ್ಸ್. ನಾನು ಹೊನ್ನಾವರ ಕಡೆಯವಳು, ಯಕ್ಷಗಾನದಲ್ಲೇ ಹೇಳುತ್ತೇನೆ. ಪ್ರಸಂಗದ ಪುಸ್ತಕ ಒಂದೇ. ಆದರೆ ಆ ರಾತ್ರಿ ಯಾವ ಪದ್ಯ ಹಾಡಬೇಕು, ಯಾವುದನ್ನು ಹಾರಿಸಬೇಕು ಎಂದು ಭಾಗವತರು ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿಕೊಂಡಿರುತ್ತಾರೆ. ಪುಸ್ತಕದ ಒಂದಕ್ಷರವೂ ಬದಲಾಗಿಲ್ಲ, ಆಟ ಬೇರೆಯಾಯಿತು. ಜೀನಿನ ಮೇಲೆ ಮೀಥೈಲ್ ಎಂಬ ಸಣ್ಣ ಗುಂಪು ಅಂಟಿಕೊಳ್ಳುವುದೂ ಇಂಥ ಗುರುತೇ. ಅಂಟಿದ ಕಡೆ ಆ ಜೀನ್ ಸಾಮಾನ್ಯವಾಗಿ ಬಾಯಿ ಮುಚ್ಚಿಕೊಳ್ಳುತ್ತದೆ.

ರಾಸಾಯನಿಕಗಳು ಈ ಗುರುತನ್ನು ಅಲುಗಾಡಿಸಬಲ್ಲವು. 2007ರಲ್ಲಿ ಡಾನಾ ಡೊಲಿನೊಯ್ ಮತ್ತು ರ್‍ಯಾಂಡಿ ಜರ್ಟಲ್ ಎಂಬ ಅಮೆರಿಕದ ವಿಜ್ಞಾನಿಗಳು ಬಸುರಿ ಇಲಿಗಳಿಗೆ ಪ್ಲಾಸ್ಟಿಕ್‌ನಲ್ಲಿರುವ ಬಿಪಿಎ ತಿನ್ನಿಸಿದರು. ಕಂದು ಮೈಯ ಮರಿಗಳ ಬದಲು ಹಳದಿ ಮೈಯ ಮರಿಗಳು ಜಾಸ್ತಿ ಹುಟ್ಟಿದವು. ತಾಯಿಗೆ ಜೊತೆಯಲ್ಲಿ ಫೋಲಿಕ್ ಆಸಿಡ್‌ನಂಥ ಪೋಷಕಾಂಶ ಕೊಟ್ಟಾಗ ಮತ್ತೆ ಕಂದು ಮರಿಗಳೇ ಬಂದವು. ಆ ಇಲಿಗಳಲ್ಲಿ ಮೈಬಣ್ಣದ ಜೀನಿನ ಮೀಥೈಲ್ ಗುರುತು ಕಡಿಮೆಯಾದರೆ ಮೈ ಹಳದಿಯಾಗುತ್ತದೆ. ಬಿಪಿಎ ಅಳಿಸುವ ಗುರುತನ್ನು ಆಹಾರ ಕಾಪಾಡಬಲ್ಲದು ಎನ್ನುವುದನ್ನು ಆ ಬಣ್ಣದಲ್ಲೇ ನೋಡಬಹುದಿತ್ತು.

ಇನ್ನೂ ಒಂದು. ನಮ್ಮ ದೇಹ ತಾನಾಗಿಯೇ ಈ ಗುರುತುಗಳ ಬಹುಪಾಲನ್ನು ಎರಡು ಸಲ ರಬ್ಬರ್ ಹಾಕಿ ಉಜ್ಜುತ್ತದೆ. ಒಮ್ಮೆ ಅಂಡಾಣು, ವೀರ್ಯಾಣುಗಳ ಮೂಲ ಕೋಶ ತಯಾರಾಗುವಾಗ. ಇನ್ನೊಮ್ಮೆ ಗರ್ಭ ಕಟ್ಟಿದ ಕೂಡಲೇ. ಪುಸ್ತಕ ಬೇರೆ ಮೇಳಕ್ಕೆ ಹೋಗುವ ಮುಂಚೆ ಹಳೇ ಭಾಗವತರ ಗೀಚು ಅಳಿಸಿದ ಹಾಗೆ. ಅಲ್ಲಲ್ಲಿ ಒಂದೆರಡು ಉಳಿಯುತ್ತವೆ, ಆದರೆ ಹೆಚ್ಚಿನವು ಹೋಗುತ್ತವೆ. ನಿಮ್ಮ ತಂಗಿಯ ವಿಷಯದಲ್ಲಿ ನನಗೆ ಧೈರ್ಯ ಕೊಡುವ ಸಂಗತಿ ಇದು.

ನಿವೃತ್ತ ಗೇರುಮರ • ಭಾನುವಾರ ಬೆಳಿಗ್ಗೆ 9:48

ನಾನು ಮೂವತ್ತು ವರ್ಷ ಕೃಷಿ ಇಲಾಖೆಯ ಕೆಲಸದಲ್ಲಿದ್ದವನು. ಬೈಯುವುದಾದರೆ ಓದಿ ಮುಗಿಸಿ ಬೈಯಿರಿ.

ಗೇರಿಗೆ ಟೀ ಸೊಳ್ಳೆ ಎಂಬ ಕೀಟ. ಹೆಸರಿಗೆ ಸೊಳ್ಳೆ, ನಿಜಕ್ಕೂ ತಿಗಣೆ ಜಾತಿ. ಎಳೆ ಚಿಗುರಿಗೆ, ಹೂಗೊಂಚಲಿಗೆ ಚುಚ್ಚಿದರೆ ಸುಟ್ಟ ಹಾಗೆ ಕರಟಿ ಹೋಗುತ್ತದೆ. ಚಿಗುರು, ಹೂವು, ಮಿಡಿ ಎಂದು ಮೂರು ಸಲ ಮದ್ದು ಬಿಡಲು ಶಿಫಾರಸು ಇತ್ತು. ಎಂಡೋಸಲ್ಫಾನ್ ಆರಿಸಿದ್ದೇ ಜೇನುನೊಣಕ್ಕೆ ಹೆಚ್ಚು ತೊಂದರೆ ಕೊಡುವುದಿಲ್ಲ ಎಂದು. ಯಾರೂ ಕೊಲ್ಲಬೇಕೆಂದು ಬಿಡಲಿಲ್ಲ.

ಎರಡನೆಯದು. ಇದೇ ಮದ್ದನ್ನು ಹತ್ತಿಗೆ ಹೊಡೆದಿದ್ದಾರೆ, ತೊಗರಿಗೆ ಹೊಡೆದಿದ್ದಾರೆ, ದೇಶವೆಲ್ಲ ಹೊಡೆದಿದೆ. ಅಲ್ಲಿ ಯಾಕೆ ಪಡ್ರೆ ಆಗಲಿಲ್ಲ? ಅಂಗವೈಕಲ್ಯದ ಮಕ್ಕಳು ಎಲ್ಲ ಊರಲ್ಲೂ ಹುಟ್ಟುತ್ತಾರೆ. ಸೋದರ ಸಂಬಂಧದ ಮದುವೆಗಳನ್ನು ಲೆಕ್ಕ ಹಾಕಿದ್ದೀರಾ? ಎಂಡೋಸಲ್ಫಾನ್ ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ತರಹ ಕೆಲಸ ಮಾಡುತ್ತದೆ ಎಂದು ಕೆಲವರು ಹೇಳುತ್ತಾರೆ. ನಿಜವಾದ ಈಸ್ಟ್ರೋಜನ್‌ಗೆ ಹೋಲಿಸಿದರೆ ಅದು ಲಕ್ಷಾಂತರ ಪಟ್ಟು ದುರ್ಬಲ. ಪಿಪಿಬಿ (ನೂರು ಕೋಟಿಯಲ್ಲಿ ಒಂದು ಪಾಲು) ಲೆಕ್ಕದಲ್ಲಿ ಸಿಕ್ಕಿದ ಮದ್ದಿನಿಂದ ಇಷ್ಟೆಲ್ಲ ಆಗುತ್ತದಾ?

ಪೆರ್ಲದ ಹುಡುಗ • ಭಾನುವಾರ ಬೆಳಿಗ್ಗೆ 10:15

ಸರ್, ಬೈಯುವುದಿಲ್ಲ. ಆದರೆ ಜೇನುನೊಣದ ಮಾತು ಕೇಳಿ ನಗು ಬಂತು. ನಮ್ಮ ಅಪ್ಪನ ಹತ್ತು ಜೇನುಪೆಟ್ಟಿಗೆ ಖಾಲಿಯಾದದ್ದೇ ಆ ಮದ್ದಿಗೆ. ನರಿ ಕೂಗುವುದು ಕೂಡ ಎಷ್ಟೋ ವರ್ಷ ಕೇಳಿರಲಿಲ್ಲ.

ಹತ್ತಿ ಹೊಲದಲ್ಲಿ ಯಾಕೆ ಆಗಲಿಲ್ಲ ಎಂದಿರಿ. ಹತ್ತಿ ಹೊಲ ಬಯಲು, ಬೆನ್ನಿಗೆ ಕ್ಯಾನು ಕಟ್ಟಿ ಗಿಡಕ್ಕೆ ಹೊಡೆಯುತ್ತಾರೆ. ನಮ್ಮಲ್ಲಿ ಗೇರು ಇರುವುದು ಗುಡ್ಡೆಯ ತಲೆಯಲ್ಲಿ, ಮನೆಗಳು ಕೆಳಗೆ ಕಣಿವೆಯಲ್ಲಿ. ಹೆಲಿಕಾಪ್ಟರ್ ಮರದ ಮೇಲೆ ಎರಡು ಮೂರು ಮೀಟರ್ ಎತ್ತರದಲ್ಲೇ ಹಾರಬೇಕು ಎಂದು ನಿಯಮ. ಏರು ತಗ್ಗಿನ ಗುಡ್ಡೆಯಲ್ಲಿ ಅದು ಆಗುವ ಮಾತಾ? ಮೇಲಿಂದ ಬಿಟ್ಟದ್ದು ಗಾಳಿಗೆ ಎಲ್ಲಿಗೆ ಹೋಯಿತೋ ಅಲ್ಲಿಗೆ. ಉಳಿದದ್ದನ್ನು ಮಳೆ ತೊಳೆದು ಕೆಳಗೆ ತಂದಿತು. ನಮ್ಮ ಕುಡಿಯುವ ನೀರು ಬರುವುದೇ ಆ ಗುಡ್ಡೆಗೆ ಅಡ್ಡ ಕೊರೆದ ಸುರಂಗದಿಂದ. ಟ್ಯಾಂಕಿಗೂ ಸುರಂಗ, ತೋಟಕ್ಕೂ ಸುರಂಗ. ಹತ್ತಿಯವರಿಗೆ ಗಂಡಾಂತರ ಹೊಡೆಯುವ ದಿನ ಇದ್ದರೆ ನಮಗೆ ವರ್ಷವಿಡೀ ಇತ್ತು.

ತಾಂಡಾ ಮೇಷ್ಟ್ರು • ಭಾನುವಾರ ಬೆಳಿಗ್ಗೆ 11:02

ಹತ್ತಿಯವರಿಗೆ ಏನೂ ಆಗಿಲ್ಲ ಅಂತ ಯಾರು ನೋಡಿದ್ದಾರೆ ಸರ್? ಪಡ್ರೆಗೆ ಡಾಕ್ಟರ್ ಬಂದು ಲೆಕ್ಕ ಬರೆದರು. ನಮ್ಮ ಯಾದಗಿರಿ ಕಡೆ ಯಾರೂ ಬರಲಿಲ್ಲ.

ಒಂದು ಮಾತು ಗಮನಿಸಿದೆ. ಅವರು ಕರಾವಳಿಯಲ್ಲಿ ಅದನ್ನು ಮದ್ದು ಅಂತಾರೆ. ಮೈಸೂರು ಕಡೆ ಔಷಧಿ. ನಾವು ಇಲ್ಲಿ ಎಣ್ಣೆ ಹೊಡೆಯೋದು ಅಂತೀವಿ. ಮೂರು ಕಡೆಯಲ್ಲೂ ವಿಷ ಅನ್ನೋ ಮಾತೊಂದಿಲ್ಲ.

ಪಿಪೆಟ್ ಅಕ್ಕ • ಭಾನುವಾರ ಮಧ್ಯಾಹ್ನ 1:30

ಮೇಷ್ಟ್ರ ಮಾತು ಒಪ್ಪಿದೆ. ಗೇರುಮರ ಸರ್ ಕೇಳಿದ್ದಕ್ಕೂ ನೇರವಾಗಿ ಉತ್ತರ ಕೊಡಬೇಕು.

ಅಹಮದಾಬಾದ್ ಸಂಸ್ಥೆಯ ಅಧ್ಯಯನ 2003ರಲ್ಲಿ ಪ್ರಕಟವಾಯಿತು. 10ರಿಂದ 19 ವರ್ಷದ 117 ಹುಡುಗರು ಗೇರು ಗುಡ್ಡೆಯ ಬುಡದವರು, 90 ಹುಡುಗರು ಮದ್ದು ಬಿಡದ ಕಡೆಯವರು. ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ ಮೊದಲ ಗುಂಪಿನಲ್ಲಿ 7.47 ಪಿಪಿಬಿ, ಎರಡನೆಯದರಲ್ಲಿ 1.37. ಗುಡ್ಡೆ ಬುಡದ ಹುಡುಗರು ಅದೇ ವಯಸ್ಸಿನ ಬೇರೆ ಹುಡುಗರಿಗಿಂತ ತಡವಾಗಿ ಪ್ರಾಯಕ್ಕೆ ಬರುತ್ತಿದ್ದರು.

ನನಗೆ ಮುಖ್ಯ ಅನಿಸಿದ್ದು ಅದರ ಪಕ್ಕದ ಸಾಲು. ಅವರಲ್ಲಿ ಟೆಸ್ಟೋಸ್ಟೆರಾನ್ ಕಡಿಮೆ, ಎಲ್‌ಎಚ್ ಜಾಸ್ತಿ. ಎಲ್‌ಎಚ್ ಎಂದರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಹುಕುಂ, "ಟೆಸ್ಟೋಸ್ಟೆರಾನ್ ಮಾಡು" ಎಂದು. ಮೇಸ್ತ್ರಿ ಗಂಟಲು ಹರಿದುಕೊಂಡು ಕೂಗುತ್ತಿದ್ದಾನೆ, ಗೋಡೆ ಮಾತ್ರ ಏಳುತ್ತಿಲ್ಲ ಎಂಬ ಸ್ಥಿತಿ. ಕೂಗು ಸರಿ ಇದೆ ಎಂದರೆ ತೊಂದರೆ ಕೆಲಸ ನಡೆಯುವ ಕಡೆಯೇ ಇರಬೇಕು. ಅಂದರೆ ಎಂಡೋಸಲ್ಫಾನ್ ಬರೀ ಈಸ್ಟ್ರೋಜನ್ ವೇಷ ಹಾಕಿಕೊಂಡು ಬಂದಿಲ್ಲ. ಸರ್ ಹೇಳಿದ "ಲಕ್ಷಾಂತರ ಪಟ್ಟು ದುರ್ಬಲ" ಎಂಬ ಲೆಕ್ಕ ಆ ವೇಷಕ್ಕೆ ಸರಿ. ಟೆಸ್ಟೋಸ್ಟೆರಾನ್ ತಯಾರಿಗೆ ಅಡ್ಡ ಬರುವುದಕ್ಕೆ ಆ ಲೆಕ್ಕ ಹೊಂದುವುದಿಲ್ಲ.

ಪಿಪಿಬಿ ಎಂದರೆ ಸಣ್ಣದು ಎಂದು ಮೂಗು ಮುರಿಯಬೇಡಿ. 5,000 ಲೀಟರ್ ಟ್ಯಾಂಕರಿಗೆ 5 ಮಿಲಿಗ್ರಾಂ ಬೆರೆಸಿದರೆ 1 ಪಿಪಿಬಿ, ಚಿಟಿಕೆಯ ಒಂದು ಮೂಲೆಯಷ್ಟು ಉಪ್ಪು. ಆದರೆ ಹೆಂಗಸರ ರಕ್ತದಲ್ಲಿ ಸ್ವಂತ ಈಸ್ಟ್ರಡಯಾಲ್ ಹಾರ್ಮೋನ್ ಸಾಮಾನ್ಯವಾಗಿ ಇರುವುದೇ 1 ಪಿಪಿಬಿಗಿಂತ ಕಡಿಮೆ. ಅಷ್ಟರಲ್ಲೇ ತಿಂಗಳ ಮುಟ್ಟೆಲ್ಲ ನಡೆಯುತ್ತದೆ.

ಹಾಗೆಂದು ಈ ಅಧ್ಯಯನವನ್ನು ತಲೆಯ ಮೇಲೆ ಹೊತ್ತು ಮೆರೆಸುವುದೂ ಬೇಡ. ಒಂದೇ ಹಳ್ಳಿ, ಒಂದೇ ಸಲ ತೆಗೆದ ರಕ್ತ, ಹುಡುಗರು ಮಾತ್ರ. ಊರಿನ ಪ್ರತಿಯೊಂದು ಕಾಯಿಲೆಗೂ ಎಂಡೋಸಲ್ಫಾನೇ ಕಾರಣ ಎಂದು ಇದರಿಂದ ಹೇಳಲಾಗುವುದಿಲ್ಲ. ಸೋದರ ಸಂಬಂಧದ ಪ್ರಶ್ನೆ ಕೇಳಬೇಕಾದದ್ದೇ, ಸರ್ ಕೇಳಿದ್ದು ತಪ್ಪಲ್ಲ. ಆದರೆ ಸೋದರ ಸಂಬಂಧ ಕರುಗಳ ಕಾಲು ತಿರುಚುವುದಿಲ್ಲ.

ನಿವೃತ್ತ ಗೇರುಮರ • ಭಾನುವಾರ ಮಧ್ಯಾಹ್ನ 2:10

ಎಲ್‌ಎಚ್ ವಿಷಯ ನನಗೆ ಗೊತ್ತಿರಲಿಲ್ಲ. ಯೋಚಿಸುತ್ತೇನೆ. ಕರುಗಳ ವಿಷಯದಲ್ಲಿ ನನ್ನ ತಕರಾರು ಹಾಗೇ ಇದೆ. ಆಗ ಯಾರೂ ಪೋಸ್ಟ್‌ಮಾರ್ಟಂ ಮಾಡಿಸಿ ಇಟ್ಟಿಲ್ಲ.

ನೇರಮಾತು • ಭಾನುವಾರ ಸಂಜೆ 4:33

ಇಷ್ಟೆಲ್ಲ ವಿಜ್ಞಾನ ಯಾಕೆ? ನನ್ನ ಮಗನಾಗಿದ್ದರೆ ನಾನೂ ಬೇಡ ಅಂತಿದ್ದೆ. ಅಂಥ ಊರಿಂದ ಹೆಣ್ಣು ತರದೇ ಇರೋದೇ ಸೇಫ್. ಮೂರು ತಲೆಮಾರಿಗೆ ಬರುತ್ತೆ ಅಂತ ವಿಜ್ಞಾನಿಗಳೇ ಹೇಳಿದ್ದಾರಲ್ಲ.

ವೇದಿಕೆ ನಿರ್ವಾಹಕ • ಭಾನುವಾರ ಸಂಜೆ 4:50

ನೇರಮಾತು ಅವರೇ, ಆ ಹುಡುಗಿಯ ಅಣ್ಣ ಇಲ್ಲೇ ಓದುತ್ತಿದ್ದಾರೆ. ಇದಕ್ಕೆ ಬಂದ ಆರು ಉತ್ತರಗಳನ್ನು ತೆಗೆದಿದ್ದೇನೆ, ಎಲ್ಲ ಬೈಗುಳ. ಕಮೆಂಟ್ ಉಳಿಸಿದ್ದೇನೆ, ಯಾಕೆಂದರೆ ಘಟ್ಟದ ಮೇಲಿನ ಆ ತಾಯಿಯ ಮನಸ್ಸಿನಲ್ಲಿ ಇರುವುದೂ ಇದೇ. ಉತ್ತರ ಇದ್ದವರು ಕೊಡಿ.

ಪಿಪೆಟ್ ಅಕ್ಕ • ಭಾನುವಾರ ಸಂಜೆ 6:12

ಮೂರು ತಲೆಮಾರಿನ ಮಾತು ಎಲ್ಲಿಂದ ಬಂತು ಎಂದು ಹೇಳುತ್ತೇನೆ.

2005ರಲ್ಲಿ ಅಮೆರಿಕದ ಮೈಕೆಲ್ ಸ್ಕಿನ್ನರ್ ಅವರ ಲ್ಯಾಬ್, ವಿನ್‌ಕ್ಲೊಜೊಲಿನ್ ಎಂಬ ಶಿಲೀಂಧ್ರನಾಶಕವನ್ನು ಬಸುರಿ ಹೆಗ್ಗಣಗಳಿಗೆ ಚುಚ್ಚಿತು. ನಾಲ್ಕನೇ ತಲೆಮಾರಿನವರೆಗೆ ಗಂಡು ಮರಿಗಳ ವೀರ್ಯಾಣು ಕಡಿಮೆಯಾಗಿತ್ತು. ಪೇಪರುಗಳಲ್ಲಿ ದೊಡ್ಡ ಸುದ್ದಿ. ಸುದ್ದಿಯಲ್ಲಿ ಬಾರದ ವಿಷಯ ಎಂದರೆ ಕೊಟ್ಟ ಪ್ರಮಾಣ: ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 100 ಮಿಲಿಗ್ರಾಂ, ಅದೂ ಚುಚ್ಚಿ. ಬೇರೆ ಲ್ಯಾಬಿನವರು ಅಷ್ಟನ್ನೇ ಬಾಯಿಯ ಮೂಲಕ ಕೊಟ್ಟು ನೋಡಿದಾಗ ಆ ಫಲಿತಾಂಶ ಬರಲಿಲ್ಲ. ಮೇಲಾಗಿ ಅದು ಎಂಡೋಸಲ್ಫಾನೇ ಅಲ್ಲ.

ಮನುಷ್ಯರ ಉದಾಹರಣೆ ಬೇಕೆಂದರೆ ಡಿಇಎಸ್ ಇದೆ. ಗರ್ಭ ಉಳಿಯಲಿ ಎಂದು ಅಮೆರಿಕದ ಡಾಕ್ಟರುಗಳು 1940ರಿಂದ 1971ರವರೆಗೆ ಬಸುರಿಯರಿಗೆ ಬರೆದುಕೊಟ್ಟ ಕೃತಕ ಈಸ್ಟ್ರೋಜನ್. ತಾಯಂದಿರಿಗೆ ಆಗ ಏನೂ ಆಗಲಿಲ್ಲ. 1971ರಲ್ಲಿ ಬಾಸ್ಟನ್ನಿನ ವೈದ್ಯರು, ಹದಿಹರೆಯದವರಲ್ಲಿ ಕಾಣಿಸದ ಅಪರೂಪದ ಯೋನಿ ಕ್ಯಾನ್ಸರ್ 8 ಎಳೆಯ ಹುಡುಗಿಯರಲ್ಲಿ ಕಾಣಿಸಿದೆ ಎಂದು ವರದಿ ಮಾಡಿದರು. ಅವರಲ್ಲಿ 7 ಜನರ ತಾಯಂದಿರು ಬಸುರಿಯಾಗಿದ್ದಾಗ ಆ ಮಾತ್ರೆ ನುಂಗಿದ್ದರು. ಹೊಟ್ಟೆಯಲ್ಲಿದ್ದ ಮಗುವಿಗೆ ತಾಗಿದ್ದು ಇಪ್ಪತ್ತು ವರ್ಷ ಸುಮ್ಮನಿದ್ದು ಆಮೇಲೆ ಎದ್ದಿತು. ಇದು ನಿಜ, ಹೆದರಬೇಕಾದದ್ದೇ. ಆದರೆ ನೋಡಿ, ಇಲ್ಲಿ ವಂಶವಾಹಿ ಏನೂ ಇಲ್ಲ. ಆ ಹುಡುಗಿಯರಿಗೆ ಮಾತ್ರೆ ನೇರವಾಗಿ ತಾಗಿದೆ, ಗರ್ಭಕೋಶದ ಒಳಗೆ.

ಇನ್ನೊಂದು ಸೂಕ್ಷ್ಮ ಇದೆ. ಹೆಣ್ಣು ಮಗು ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಿರುವಾಗಲೇ ಅದರ ಅಂಡಾಶಯದಲ್ಲಿ ಅರವತ್ತು ಎಪ್ಪತ್ತು ಲಕ್ಷ ಅಂಡಾಣು ತಯಾರಾಗಿರುತ್ತವೆ. ಹಾಗಾಗಿ ಬಸುರಿಯೊಬ್ಬಳು ವಿಷ ಕುಡಿದರೆ ಒಂದೇ ಏಟಿಗೆ ಮೂರು ತಲೆಮಾರಿಗೆ ನೇರವಾಗಿ ತಾಗಬಹುದು: ತಾಯಿ, ಮಗಳು, ಮಗಳ ಅಂಡಾಣುವಿನಲ್ಲಿರುವ ಮೊಮ್ಮಗು. ಮೊಮ್ಮಗುವಿನಲ್ಲಿ ಏನಾದರೂ ಕಂಡರೂ ಅದನ್ನು ವಂಶಕ್ಕೆ ಇಳಿಯಿತು ಎನ್ನುವ ಹಾಗಿಲ್ಲ. ಮರಿಮಗುವಿನಲ್ಲಿ ಕಂಡರೆ ಮಾತ್ರ ಇಳಿಯಿತು ಎನ್ನಬೇಕು. ಎಂಡೋಸಲ್ಫಾನ್ ವಿಷಯದಲ್ಲಿ ಮನುಷ್ಯರಲ್ಲಿ ಅದನ್ನು ಯಾರೂ ತೋರಿಸಿಲ್ಲ.

ಬಾವಿಕಟ್ಟೆಯವರೇ, ನಿಮಗೆ ಸುಳ್ಳು ಸಮಾಧಾನ ಹೇಳುವುದಿಲ್ಲ. ನಿಮ್ಮ ತಂಗಿಗೆ ಹೊಟ್ಟೆಯಲ್ಲೇ ತಾಗಿರಬಹುದು, ಅವಳ ಅಂಡಾಣುಗಳಿಗೂ. ತಾಗುವುದು ಬೇರೆ, ಕೆಡುವುದು ಬೇರೆ. ಅವಳು ಸರಿಯಾಗಿ ಬೆಳೆದಿದ್ದಾಳೆ, ಮುಟ್ಟು ಸರಿ ಇದೆ ಎಂದರೆ ಮದುವೆಗೆ ಮುಂಚೆ ಯಾವ ಹುಡುಗಿಗಾದರೂ ಹೇಳುವುದನ್ನೇ ಅವಳಿಗೂ ಹೇಳುತ್ತೇನೆ: ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ, ಮಗು ಬೇಕೆಂದಾಗ ಮೊದಲೇ ಫೋಲಿಕ್ ಆಸಿಡ್ ಶುರು ಮಾಡಿ. ಅಷ್ಟೇ.

ತಾಂಡಾ ಮೇಷ್ಟ್ರು • ಭಾನುವಾರ ರಾತ್ರಿ 8:40

ಅಕ್ಕಾವ್ರೇ, ಮೀಥೈಲ್ ಅಂದ್ರಲ್ಲ, ಅದರ ಬಗ್ಗೆ ಒಂದು ಕೇಳಬೇಕು. ನಮ್ಮದು ಯಾದಗಿರಿ ಜಿಲ್ಲೆ ಸುರಪುರ ತಾಲೂಕು. ಇಲ್ಲಿ ಕಿರದಳ್ಳಿ ತಾಂಡಾ ಅಂತ ಇದೆ. ಹಳೇ ಚಿನ್ನದ ಗಣಿಯ ಸುತ್ತಿನ ಕಲ್ಲು. ಬೋರ್‌ವೆಲ್ ನೀರಲ್ಲಿ ಆರ್ಸೆನಿಕ್ ಸಿಕ್ಕಿತು. ಅಂಗೈ, ಅಂಗಾಲು ಜಾಲಿ ತೊಗಟೆ ಹಾಗೆ ಗಂಟುಗಂಟು. ಎದೆ ಮೇಲೆ ಮಳೆಹನಿ ಬಿದ್ದ ಧೂಳಿನಂತೆ ಚುಕ್ಕಿ. ಒಂದು ಸಲ ನನ್ನ ಕ್ಲಾಸಿಗೆ ಬಂದ ಹುಡುಗಿಗೆ ಪೆನ್ಸಿಲ್ ಹಿಡಿಯೋಕೆ ಆಗ್ತಿರಲಿಲ್ಲ, ಬೆರಳು ಮಡಿಸಿದ ಕಡೆ ಚರ್ಮ ಸೀಳುತ್ತಿತ್ತು. ಅಲ್ಲಿಗೆ ಬಂದ ಒಬ್ಬ ಡಾಕ್ಟರು ಆರ್ಸೆನಿಕ್ಕಿಗೂ ಮೀಥೈಲಿಗೂ ಸಂಬಂಧ ಇದೆ ಅಂದಿದ್ದರು. ಆಗ ಅರ್ಥ ಆಗಿರಲಿಲ್ಲ.

ಪಿಪೆಟ್ ಅಕ್ಕ • ಭಾನುವಾರ ರಾತ್ರಿ 9:25

ಮೇಷ್ಟ್ರೇ, ಅವರು ಹೇಳಿದ್ದು ಸರಿ. ಆರ್ಸೆನಿಕ್ಕನ್ನು ಮೂತ್ರದಲ್ಲಿ ಹೊರಹಾಕಲು ದೇಹ ಅದಕ್ಕೆ ಮೀಥೈಲ್ ಗುಂಪು ಅಂಟಿಸುತ್ತದೆ. ಜೀನಿಗೆ ಗುರುತು ಹಾಕಲು ಬೇಕಾದ್ದೂ ಅದೇ ಡಬ್ಬಿಯ ಮೀಥೈಲ್. ಡಬ್ಬಿ ತುಂಬುವುದು ನಾವು ತಿನ್ನುವ ಸೊಪ್ಪು, ಕಾಳು, ಹಾಲು, ಮೊಟ್ಟೆಯಿಂದ. ಹೊಟ್ಟೆಗೆ ಇಲ್ಲದ ಮನೆಯಲ್ಲಿ ಡಬ್ಬಿ ಮೊದಲೇ ಅರ್ಧ. ಅದರಲ್ಲೂ ಪಾಲು ಕೇಳಲು ಆರ್ಸೆನಿಕ್ ಬಂದು ನಿಂತರೆ? ಒಂದೇ ನೀರು ಕುಡಿದರೂ ಬಡವರ ಮೈಯಲ್ಲೇ ಜಾಸ್ತಿ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಚಿಲಿ ದೇಶದ ಆಂಟೊಫಗಾಸ್ಟ ಎಂಬ ಪಟ್ಟಣ 1958ರಿಂದ 1970ರವರೆಗೆ ಲೀಟರಿಗೆ ಸುಮಾರು 860 ಮೈಕ್ರೋಗ್ರಾಂ ಆರ್ಸೆನಿಕ್ ಇದ್ದ ನದಿ ನೀರು ಕುಡಿಯಿತು. ಮಿತಿ 10. ಆಮೇಲೆ ಶುದ್ಧೀಕರಣ ಘಟಕ ಬಂತು, ನೀರು ಸರಿಯಾಯಿತು. ಆದರೆ ಆ ಹನ್ನೆರಡು ವರ್ಷದಲ್ಲಿ ಗರ್ಭದಲ್ಲಿದ್ದವರು, ಎಳೆ ಮಕ್ಕಳಾಗಿದ್ದವರು ಮೂವತ್ತು ನಲವತ್ತಾದ ಮೇಲೆ ಶ್ವಾಸಕೋಶದ ಕಾಯಿಲೆಯಿಂದ ಬೇರೆಯವರಿಗಿಂತ ತುಂಬಾ ಜಾಸ್ತಿ ಸತ್ತರು.

ಆ ಹುಡುಗಿ ಈಗ ಹೇಗಿದ್ದಾಳೆ?

ತಾಂಡಾ ಮೇಷ್ಟ್ರು • ಭಾನುವಾರ ರಾತ್ರಿ 9:31

ಮದುವೆಯಾಗಿ ಪುಣೆ ಕಡೆ ಕಬ್ಬು ಕಡಿಯೋಕೆ ಹೋದಳು. ಆಮೇಲೆ ಗೊತ್ತಿಲ್ಲ.

ಎರಡನೇ ಮಹಡಿ • ಸೋಮವಾರ ಬೆಳಿಗ್ಗೆ 8:15

ಚರ್ಚೆ ಓದಿ ನಿದ್ದೆ ಬರಲಿಲ್ಲ. ಬೆಂಗಳೂರಿನಲ್ಲಿ ನಾವು ಕುಡಿಯುವುದು 20 ಲೀಟರ್ ಕ್ಯಾನ್ ನೀರು. ನಾನು ನಾಲ್ಕು ತಿಂಗಳ ಬಸುರಿ. ಕ್ಯಾನಿನಲ್ಲಿ ಬಿಪಿಎ ಇರುತ್ತಾ? ತರಕಾರಿಯ ವಿಷ ತೆಗೆಯೋದು ಹೇಗೆ? ನೀರು ಕುದಿಸಿದರೆ ಸಾಕಾ?

ಪಿಪೆಟ್ ಅಕ್ಕ • ಸೋಮವಾರ ಬೆಳಿಗ್ಗೆ 8:50

ಹೆದರಬೇಡಿ, ನಿದ್ದೆಗೆಟ್ಟರೆ ಅದೂ ಹಾರ್ಮೋನಿಗೇ ತೊಂದರೆ. ಕ್ಯಾನಿನ ತಳದಲ್ಲಿ ತ್ರಿಕೋನದೊಳಗೆ 1 ಇದ್ದರೆ ಪೆಟ್, ಅದು ಬಿಪಿಎಯಿಂದ ಮಾಡುವ ಪ್ಲಾಸ್ಟಿಕ್ ಅಲ್ಲ. 7 ಇದ್ದು ಗಾಜಿನಂತೆ ಗಟ್ಟಿ ಇದ್ದರೆ ಪಾಲಿಕಾರ್ಬೊನೇಟ್ ಇರಬಹುದು, ಅದರಲ್ಲಿ ಇರುತ್ತದೆ. ಹಳೆಯ, ಗೀಚು ಬಿದ್ದ, ಬಿಸಿಲಲ್ಲಿ ಇಟ್ಟಿದ್ದ ಕ್ಯಾನ್ ತೆಗೆದುಕೊಳ್ಳಬೇಡಿ. ಬಿಸಿ ಸಾರು, ಬಿಸಿ ಹಾಲು ಪ್ಲಾಸ್ಟಿಕ್‌ಗೆ ಹಾಕಬೇಡಿ. ಸ್ಟೀಲಿನ ಪಾತ್ರೆ ನಮ್ಮ ಅಡುಗೆಮನೆಯಲ್ಲಿ ಮೊದಲಿಂದ ಇದ್ದದ್ದೇ.

ಕುದಿಸಿದರೆ ಸಾಯುವುದು ಕ್ರಿಮಿ. ಕುದಿಸಿದಷ್ಟೂ ನೀರು ಆರಿ, ಅದರಲ್ಲಿರುವ ಆರ್ಸೆನಿಕ್ ಇನ್ನೂ ದಟ್ಟವಾಗುತ್ತದೆ.

ತರಕಾರಿ, ಹಣ್ಣನ್ನು ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ ತೊಳೆಯಿರಿ. 2017ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಒಂದು ಕೀಟನಾಶಕ, ಒಂದು ಶಿಲೀಂಧ್ರನಾಶಕ ಸವರಿ ನೋಡಿದ್ದಾರೆ, ಬರೀ ನೀರಿಗಿಂತ ಸೋಡಾ ನೀರು ಚೆನ್ನಾಗಿ ತೆಗೆಯಿತು. ಸಿಪ್ಪೆಯ ಒಳಗೆ ಇಳಿದದ್ದು ಮಾತ್ರ ಬರಲಿಲ್ಲ.

ಚಾರ್ಮಾಡಿ ಮಂಜು • ಸೋಮವಾರ ಮಧ್ಯಾಹ್ನ 12:20

ಬಾವಿಕಟ್ಟೆ ಅಣ್ಣಾ, ಗಂಡಿನ ಕಡೆಯವರು ಘಟ್ಟದ ಮೇಲಿನವರು ಅಂದ್ರಿ. ಕಾಫಿ ತೋಟದವರಾ? ಹೌದಾದರೆ ಒಂದು ಮಾತು ಕೇಳಿ ನೋಡಿ, ಕಾಯಿಕೊರಕಕ್ಕೆ ಏನು ಹೊಡೆಯುತ್ತಿದ್ದಿರಿ ಅಂತ. ನಮ್ಮ ತೋಟದಲ್ಲಿ ಹೊಡೆಯುತ್ತಿದ್ದದ್ದು ಎಂಡೋಸಲ್ಫಾನೇ. 2011ರ ಮೇ 13ಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಡುವವರೆಗೂ ಅಂಗಡಿಯಲ್ಲಿ ಸಿಗುತ್ತಿತ್ತು. ಅಪ್ಪ ಬಕೆಟ್ಟಿಗೆ ಸುರಿದು ಕೋಲಲ್ಲಿ ಕಲಸುತ್ತಿದ್ದರು. ಕೋಲು ಸಿಗದಿದ್ದರೆ ಕೈಯಲ್ಲೇ. ನಿಮಗೆ ಮೇಲಿಂದ ಬಿತ್ತು, ನಾವು ದುಡ್ಡು ಕೊಟ್ಟು ತಂದೆವು. ನಮ್ಮನ್ನು ಯಾರೂ ಎಂಡೋಸಲ್ಫಾನ್ ಊರಿನವರು ಅನ್ನಲಿಲ್ಲ.

ಪೆರ್ಲದ ಹುಡುಗ • ಸೋಮವಾರ ಮಧ್ಯಾಹ್ನ 12:44

ಪಿಪೆಟ್ ಅಕ್ಕನಿಗೆ ಒಂದು ಸಂಶಯ. ಎಂಡೋಸಲ್ಫಾನ್ ಮೈಯಲ್ಲಿ ಜಾಸ್ತಿ ದಿನ ನಿಲ್ಲುವುದಿಲ್ಲ ಎಂದು ಓದಿದ್ದೇನೆ. ಹಾಗಾದರೆ ಸಿಂಪಡಣೆ ನಿಂತು ತಿಂಗಳುಗಳಾದ ಮೇಲೂ ನಮ್ಮ ಹುಡುಗರ ರಕ್ತದಲ್ಲಿ ಸಿಕ್ಕಿದ್ದು ಹೇಗೆ?

ಪಿಪೆಟ್ ಅಕ್ಕ • ಸೋಮವಾರ ಸಂಜೆ 7:30

ಒಳ್ಳೆ ಪ್ರಶ್ನೆ. ಡಿಡಿಟಿ ಕೊಬ್ಬಿನಲ್ಲಿ ವರ್ಷಗಟ್ಟಲೆ ಕೂರುತ್ತದೆ. ಎಂಡೋಸಲ್ಫಾನ್ ಅಷ್ಟು ಕೂರದು, ಬಹುಪಾಲು ದಿನ, ವಾರಗಳಲ್ಲೇ ಹೊರಹೋಗುತ್ತದೆ. ಆದರೆ ಮಣ್ಣಿನಲ್ಲಿ ಅದು ಎಂಡೋಸಲ್ಫಾನ್ ಸಲ್ಫೇಟ್ ಆಗಿ ವರ್ಷಗಳ ಕಾಲ ಉಳಿಯುತ್ತದೆ, ವಿಷವೂ ಹೆಚ್ಚು ಕಡಿಮೆ ಅಷ್ಟೇ. ಹಾಗಾಗಿ ರಕ್ತದಲ್ಲಿ ಸಿಕ್ಕಿತು ಎಂದರೆ ಹಳೆಯದು ಉಳಿದದ್ದಲ್ಲ. ದಿನಾ ಹೊಸದಾಗಿ ನೀರಿನಲ್ಲೋ ಮಣ್ಣಿನಲ್ಲೋ ಒಳಗೆ ಹೋಗುತ್ತಿತ್ತು ಎಂದು ಅರ್ಥ.

ಬಾವಿಕಟ್ಟೆಯವರೇ, ಇದು ನಿಮಗೂ. ಆ ತಾಯಿ ತಂಗಿಯ ಜೀನ್ ಪರೀಕ್ಷೆ ಕೇಳುತ್ತಿದ್ದಾರೆ. ಪರೀಕ್ಷೆ ಮಾಡಿಸುವುದಾದರೆ ಬಾವಿಯ ನೀರು ಮಾಡಿಸಿ. ಇಪ್ಪತ್ತಕ್ಕೂ ಹೆಚ್ಚು ಮಳೆಗಾಲ ಕಳೆದಿದೆ, ಏನೂ ಸಿಗದಿರುವ ಸಾಧ್ಯತೆಯೇ ಜಾಸ್ತಿ. ಆದರೂ ಗುಡ್ಡೆಯಲ್ಲಿ ಹಳೇ ಡ್ರಮ್ಮು ಹೂತಿಟ್ಟಿದ್ದರೆ ಬೇರೆ ಮಾತು. ಕಾಸರಗೋಡಿನ ಮಿಂಚಿನಪದವಿನಲ್ಲಿ ಹಾಳುಬಾವಿಗೆ ಎಂಡೋಸಲ್ಫಾನ್ ಹಾಕಿ ಮುಚ್ಚಿದ್ದಾರೆ ಎಂಬ ದೂರು ಹಸಿರು ನ್ಯಾಯಮಂಡಳಿಯವರೆಗೂ ಹೋಗಿದೆ. ಕುಡಿಯುವ ನೀರಿಗೆ ನಮ್ಮ ಐಎಸ್ 10500 ಮಾನದಂಡದ ಮಿತಿ ಲೀಟರಿಗೆ 0.4 ಮೈಕ್ರೋಗ್ರಾಂ, ಸಲ್ಫೇಟ್ ಸೇರಿಸಿ. ಲ್ಯಾಬಿಗೆ ಕೊಡುವಾಗ "ಸಲ್ಫೇಟ್ ಸೇರಿಸಿ ನೋಡಿ" ಎಂದು ಬಾಯಿಬಿಟ್ಟು ಹೇಳಿ.

ಬಾವಿಕಟ್ಟೆ • ಬುಧವಾರ ರಾತ್ರಿ 9:55

ಎಲ್ಲರಿಗೂ ಉಪಕಾರ. ಎರಡು ದಿನ ಬರೆಯಲಾಗಲಿಲ್ಲ.

ತಂಗಿ ಈ ಇಡೀ ಚರ್ಚೆ ಓದಿದಳು. ನೇರಮಾತು ಬರೆದದ್ದನ್ನೂ. ಆಮೇಲೆ ಹುಡುಗನಿಗೆ ತಾನೇ ಫೋನ್ ಮಾಡಿದಳು. ಹೊರಗೆ ಅಂಗಳದಲ್ಲಿ ಓಡಾಡುತ್ತಾ ಅರ್ಧ ಗಂಟೆ ಮಾತಾಡಿದಳು. ಮಂಜು ಹೇಳಿದ ಪ್ರಶ್ನೆ ಕೇಳಿದ್ದಾಳೆ. ಅವನಿಗೆ ಗೊತ್ತಿರಲಿಲ್ಲ, ಅವರ ಅಪ್ಪನನ್ನು ಕೇಳಿ ಹೇಳಿದನಂತೆ. ಹೌದು, ಅದನ್ನೇ ಹೊಡೆಯುತ್ತಿದ್ದರು, 2010ರವರೆಗೆ. ಅವನು "ಅಮ್ಮನ ಹತ್ತಿರ ನಾನು ಮಾತಾಡ್ತೇನೆ" ಎಂದಿದ್ದಾನೆ. ತಂಗಿ "ನಿಮ್ಮ ಅಮ್ಮ ಒಪ್ಪಿದರೂ ನಾನು ಒಂದು ವಾರ ಯೋಚನೆ ಮಾಡಬೇಕು" ಎಂದು ಇಟ್ಟಳು. ಅಮ್ಮನಿಗೆ ಅದು ಕೇಳಿ ಎದೆ ಹೊಡೆದುಕೊಂಡಿತು. ನನಗೆ ಒಳಗೊಳಗೇ ಖುಷಿ.

ಬಾವಿ ನೀರು ಕೊಡುವುದೆಂದು ತೀರ್ಮಾನ ಮಾಡಿದ್ದೇವೆ. ಮೂರು ಮನೆ ಆಚೆಯವರ ಬಾವಿಯದ್ದೂ ಸೇರಿಸಿ, ಖರ್ಚು ಅರ್ಧರ್ಧ. ಪ್ಲಾಸ್ಟಿಕ್ ಬಾಟಲಿ ಆಗುತ್ತದಾ ಅಕ್ಕ?

ಪಿಪೆಟ್ ಅಕ್ಕ • ಬುಧವಾರ ರಾತ್ರಿ 10:08

ಬೇಡವೇ ಬೇಡ. ಎಂಡೋಸಲ್ಫಾನ್ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ, ನೀರಿನಲ್ಲಿ ಇದ್ದರೂ ಇಲ್ಲ ಎಂದು ಬರುತ್ತದೆ. ಕಂದು ಬಣ್ಣದ ಗಾಜಿನ ಬಾಟಲಿ, ಒಂದು ಲೀಟರಿನದ್ದು. ಸಾಧ್ಯವಾದರೆ ಲ್ಯಾಬಿನವರಿಂದಲೇ ತೊಳೆದ ಬಾಟಲಿ ಕೇಳಿ ತನ್ನಿ. ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿ. ಕೀಟನಾಶಕ ಪರೀಕ್ಷೆಗೆ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯಾ ಎಂದು ಮೊದಲೇ ಫೋನ್ ಮಾಡಿ ಕೇಳಿ. ಎಲ್ಲ ಲ್ಯಾಬಿನವರೂ ಇದನ್ನು ಮಾಡುವುದಿಲ್ಲ.

ನಿವೃತ್ತ ಗೇರುಮರ • ಬುಧವಾರ ರಾತ್ರಿ 10:31

ನೀರು ತೆಗೆಯುವುದು ಮೊದಲ ಮಳೆ ಬಂದು ಎರಡು ಮೂರು ದಿನಕ್ಕೆ ಇರಲಿ. ಗುಡ್ಡೆಯಿಂದ ಇಳಿಯುವುದಿದ್ದರೆ ಆಗ ಇಳಿಯುತ್ತದೆ. ಬೇಸಿಗೆಯ ನೀರು ಕೊಟ್ಟು ಏನೂ ಇಲ್ಲ ಎಂದು ಬರೆಸಿಕೊಂಡರೆ ಪ್ರಯೋಜನವಿಲ್ಲ. ಹಳೇ ಡ್ರಮ್ಮು ಇಡುತ್ತಿದ್ದ ಶೆಡ್ಡು ನಿಮ್ಮ ಗುಡ್ಡೆಯಲ್ಲಿ ಎಲ್ಲಿತ್ತು ಎಂದು ನನಗೆ ಅಂದಾಜಿದೆ. ಆ ಕಡೆ ಇಳಿಜಾರಿನ ಬಾವಿ ಯಾರದ್ದು ನೋಡಿ, ಅದರದ್ದೂ ಒಂದು ಬಾಟಲಿ ತೆಗೆಯಿರಿ. ನಾನೇ ಬಂದು ಜಾಗ ತೋರಿಸುತ್ತೇನೆ. ಖರ್ಚಿನಲ್ಲಿ ನನ್ನದೂ ಒಂದು ಪಾಲು ಹಾಕಿ.

ಬಾವಿಕಟ್ಟೆ • ಬುಧವಾರ ರಾತ್ರಿ 10:40

ಬನ್ನಿ ಸರ್. ಧರ್ಮಸ್ಥಳ ಬಸ್ಸಿಗೆ ಬಂದರೆ ಸ್ಟಾಪಿಗೆ ಬೈಕ್ ತರುತ್ತೇನೆ. ಊಟ ನಮ್ಮಲ್ಲೇ.

ಪಿಪೆಟ್ ಅಕ್ಕ • ಬುಧವಾರ ರಾತ್ರಿ 10:52

ಬಾಟಲಿಯ ಮುಚ್ಚಳದ ಒಳಗೆ ರಬ್ಬರ್ ಇದೆಯಾ ನೋಡಿ. ಇದ್ದರೆ ಅದು ನೀರಿಗೆ ತಾಗದ ಹಾಗೆ ಅಲ್ಯೂಮಿನಿಯಂ ಹಾಳೆ ಇಟ್ಟು ಮುಚ್ಚಿ. ಬಾಟಲಿಯ ಮೇಲೆ ಮನೆ, ದಿನ, ಹೊತ್ತು ಬರೆಯುವುದನ್ನು ಮರೆಯಬೇಡಿ.